ಗಂಟೆಯ ಬೆಲ್ಲ

ನನ್ನ ಪಕ್ಕದ ಮಂಚದ ಮಾಸ್ತರರಿಗೆ,

ನೀವು ಹೋಗಿ ಒಂದು ವರ್ಷ ಎರಡು ತಿಂಗಳಾಯಿತು. ಈ ಪತ್ರವನ್ನು ನಾಲ್ಕು ಸಲ ಶುರು ಮಾಡಿ ನಾಲ್ಕು ಸಲವೂ ಬಿಟ್ಟೆ. ತಲೆ ಬಗ್ಗಿಸಿ ಬರೆದರೆ ಅಕ್ಷರಗಳು ಕುಣಿಯುತ್ತವೆ. ಅದಕ್ಕೇ ಈಗ ಒಂದು ಹಲಗೆಯನ್ನು ಗೋಡೆಗೆ ಆನಿಸಿ, ಅದಕ್ಕೆ ಹಾಳೆ ಅಂಟಿಸಿ, ಬೆನ್ನು ನೆಟ್ಟಗಿಟ್ಟುಕೊಂಡು ಬರೆಯುತ್ತಿದ್ದೇನೆ. ನಾಲ್ಕೈದು ಸಾಲಿಗೊಮ್ಮೆ ನಿಲ್ಲಿಸಿ ಎದುರಿನ ಬಾಗಿಲ ಚೌಕಟ್ಟು ನೋಡುತ್ತೇನೆ. ಅದು ನಿಂತ ಮೇಲೆ ಮತ್ತೆ ಬರೆಯುತ್ತೇನೆ. ನಡುವೆ ಮಾತು ತುಂಡಾಗಿದ್ದರೆ ಕೆಂಪು ಶಾಯಿ ಎತ್ತಿಕೊಳ್ಳಬೇಡಿ ಮಾಸ್ತರ್.

ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಧೈರ್ಯ ಉಳಿಯುತ್ತದೋ ಇಲ್ಲವೋ. ನಿಮ್ಮ ಕಿವಿಯೊಳಗೆ ಸದ್ದು ಶುರುವಾಗಿದೆ ಎಂದು ಡಾಕ್ಟರಿಗೆ ಹೇಳಿದವನು ನಾನು. ಅದರಿಂದಲೇ ನಿಮ್ಮ ಸೂಜಿ ನಿಂತಿತು. ಇನ್ನೊಂದು, ನೀವು ಕೇಳಬಾರದ ಸುದ್ದಿ. ನಿಮ್ಮ ಮಗಳು ಕಸ್ತೂರಿಗೆ ನಮ್ಮ ಕ್ಷಯರೋಗವೇ ಬಂದಿದೆ. ಅದೇ ದವಾಖಾನೆ, ಅದೇ ಸೂಜಿ. ಆಕೆಯ ಕಿವಿಯಲ್ಲೂ ಶುರುವಾಗಿದೆ. ಡಾಕ್ಟರಿಗೆ ಹೇಳಬೇಕೋ ಬಚ್ಚಿಡಬೇಕೋ ಎಂದು ಆಕೆ ನನ್ನನ್ನು ಕೇಳಿದಳು. ಈ ಲೋಕದಲ್ಲಿ ಕೇಳಲಿಕ್ಕೆ ಬೇರೆ ಯಾರೂ ಸಿಗಲಿಲ್ಲವೇ ಆಕೆಗೆ?

ನಾವಿಬ್ಬರೂ ಮೊದಲ ಸಲ ಮಾತಾಡಿದ್ದು ನೆನಪಿದೆಯೇ? ನನ್ನನ್ನು ಬಸ್ಸಿನಿಂದ ಇಳಿಸಿ ನೇರ ಕಲಬುರಗಿಯ ದವಾಖಾನೆಯ ವಾರ್ಡಿಗೆ ತಂದಿದ್ದರು. ಕಮಲಾಪುರ–ಕಲಬುರಗಿ ಬಸ್ಸಿನ ಕ್ಲೀನರ್ ನಾನು, ಹಿಂದಿನ ಏಣಿಗೆ ಜೋತುಬಿದ್ದು ಹೋಗುವಾಗ ಕೆಮ್ಮು ಬಂತು, ಬಾಯಿ ಒರೆಸಿಕೊಂಡರೆ ಅಂಗಿಯ ತೋಳು ಕೆಂಪಗಾಗಿತ್ತು. ನೀವು ಊರು ಕೇಳಲಿಲ್ಲ, ಕುಲ ಕೇಳಲಿಲ್ಲ, ಓದು ಬರುತ್ತದೆಯೇ ಎಂದು ಕೇಳಿದಿರಿ. ಐದನೆಯ ಇಯತ್ತೆ ತನಕ ಉರ್ದುವಿನಲ್ಲಿ ಓದಿದ್ದೇನೆ ಎಂದೆ. ರಜಾಕಾರರ ಗಲಾಟೆಯ ಕಾಲದಲ್ಲಿ ಅವ್ವ ನನ್ನನ್ನು ಕರೆದುಕೊಂಡು ಸೋಲಾಪುರದ ಕಡೆ ಹೋದದ್ದು, ಪೊಲೀಸ್ ಆಕ್ಷನ್ ಆದಮೇಲೆ ತಿರುಗಿ ಬಂದರೆ ಶಾಲೆ ಕನ್ನಡದ್ದಾಗಿದ್ದು, ನನ್ನನ್ನು ಎರಡನೆಯ ಇಯತ್ತೆಯ ಸಣ್ಣ ಹುಡುಗರ ನಡುವೆ ಕೂಡಿಸಿದ್ದು, ಮೊಣಕಾಲು ಗದ್ದಕ್ಕೆ ತಾಗುವ ಹಾಗೆ ನಾಲ್ಕು ತಿಂಗಳು ಕೂತು ಒಂದು ದಿನ ಎದ್ದು ಬಸ್ಸು ಹತ್ತಿದ್ದು, ಎಲ್ಲ ಹೇಳಿದೆ. ನೀವು ನಕ್ಕಿರಿ. "ನಾನೂ ಅರ್ಧ ಆಯುಷ್ಯ ಉರ್ದುವಿನಾಗ ಲೆಕ್ಕ ಕಲಿಸೀನಿ. ಮನ್ಯಾಗ ಕನ್ನಡ, ಸಾಲ್ಯಾಗ ಉರ್ದು. ಈಗ ಇಬ್ಬರೂ ಕೂಡೇ ಕಲಿಯೂಣು ಬಾ," ಅಂದಿರಿ. ಮಂಚದ ಮೇಲೆ ಮಲಗಿಯೇ ಒಂಬತ್ತು ತಿಂಗಳು ಕಲಿಸಿದಿರಿ. ಕನ್ನಡ ಶಾಲೆಯಲ್ಲಿ ನಾಲ್ಕು ತಿಂಗಳಿಗಿಂತ ಹೆಚ್ಚು ಕೂರದ ನಾನು ನಿಮ್ಮ ಪಕ್ಕ ಒಂಬತ್ತು ತಿಂಗಳು ಕೂತೆ. ಓಡಿಹೋಗುವ ಶಕ್ತಿ ಇರಲಿಲ್ಲ ಎಂಬುದೂ ನಿಜ.

ಸೂಜಿ ಶುರುವಾದ ಮೊದಲ ವಾರ ಖಾದರ್ ಭಾಯಿ ನನ್ನ ಮಂಚಕ್ಕೆ ಬಂದು, "ಕ್ಯಾ ಲಂಗೂರ್, ಏಣಿ ಬಿಟ್ಟು ಮಂಚ ಹಿಡದಿ?" ಅಂದ. ಮೋಮಿನಪುರದಿಂದ ಸೈಕಲ್ ಮೇಲೆ ಬರುತ್ತಿದ್ದ ಕಾಂಪೌಂಡರ್. ಸೂಜಿ ಚುಚ್ಚುವಾಗ ನಗಿಸದೆ ಬಿಡುತ್ತಿರಲಿಲ್ಲ. ಆ ದಿನ ಮೂಲೆಯ ಮಂಚದ ಗೌಡರು ಎಲ್ಲರಿಗೂ ಒಂದೊಂದು ಚೂರು ಬೆಲ್ಲ ಹಂಚುತ್ತಿದ್ದರು. ಮೊಮ್ಮಗ ಹುಟ್ಟಿದನೇನೋ ಎಂದುಕೊಂಡೆ. ಅವರ ಕಿವಿಯೊಳಗೆ 'ಗಂಟೆ' ಬಂದಿತ್ತು. ಸೂಜಿ ಎರಡು ತಿಂಗಳಾದ ಮೇಲೆ ಕೆಲವರ ಕಿವಿಯಲ್ಲಿ ಸಣ್ಣಗೆ ಗುಂಯ್ ಎನ್ನುತ್ತಿತ್ತು, ನಡೆದರೆ ನೆಲ ತೂಗುತ್ತಿತ್ತು. ದವಾ ತಲೆಗೆ ಮುಟ್ಟಿತು, ಇನ್ನು ರೋಗ ಬಿಟ್ಟು ಓಡುತ್ತದೆ ಎಂದು ವಾರ್ಡಿನ ನಂಬಿಕೆ. ಅದಕ್ಕೇ ಬೆಲ್ಲ. ಆದರೆ ಡಾಕ್ಟರಿಗೆ ಮಾತ್ರ ಗೊತ್ತಾಗಬಾರದು. ಅವರು ಬೆಳಿಗ್ಗೆ ರೌಂಡಿಗೆ ಬಂದು, ಕಿವಿಯಲ್ಲಿ ಸದ್ದು ಅದ ಏನು, ತಲೆ ತಿರುಗತದ ಏನು ಎಂದು ಒಬ್ಬೊಬ್ಬರನ್ನೇ ಕೇಳುತ್ತಿದ್ದರು. ಹೌದು ಎಂದವರ ಸೂಜಿ ನಿಲ್ಲಿಸುತ್ತಿದ್ದರು. ಹೌದು ಎನ್ನುವವರೇ ಇರಲಿಲ್ಲ. ಗುಣವಾಗುವ ಹೊತ್ತಿಗೆ ಸರಿಯಾಗಿ ದವಾ ಕಸಿದುಕೊಳ್ಳುತ್ತಾರೆ ಎಂದು ನಾವು ಅವರನ್ನು ಬೈಯುತ್ತಿದ್ದೆವು. ಬೆಳಿಗ್ಗೆ ಎದುರಾದರೆ "ಗಂಟೆ ಬಂತೇನ್ರೀ?" ಎಂದು ಕೇಳುವುದು ನಮ್ಮ ನಮಸ್ಕಾರವಾಗಿತ್ತು. ಬರದವರು ಮುಖ ಸಣ್ಣ ಮಾಡಿಕೊಂಡು ಕೂರುತ್ತಿದ್ದರು.

ನೀವು ಆ ಬೆಲ್ಲ ತಿನ್ನಲಿಲ್ಲ. ಕಿಟಕಿಯ ಕಟ್ಟೆಯ ಮೇಲೆ ಇಟ್ಟಿರಿ, ಇರುವೆ ಮುತ್ತಿದವು. ಖಾದರ್ ಭಾಯಿಯನ್ನು ಕಾಡಿ ದವಾದ ಡಬ್ಬಿಯೊಳಗಿನ ಇಂಗ್ಲಿಷ್ ಕಾಗದ ತರಿಸಿಕೊಂಡು, ತಿಳಿಯದ ಮಾತಿಗೆ ಗೆರೆ ಹಾಕುತ್ತ ಎರಡು ದಿನ ಓದಿದಿರಿ. ಮೂರನೆಯ ದಿನ ನನ್ನನ್ನು ಹತ್ತಿರ ಕರೆದಿರಿ. "ಶರಣಪ್ಪ, ಕಿವಿ ಒಳಗ ಒಂದು ನರ ಅದ. ನಮಗ ಕೇಳಸೂದೂ ಅದೇ, ನೆಟ್ಟಗ ನಿಂದರಸೂದೂ ಅದೇ. ಈ ದವಾ ಅದನ್ನ ಕೊಲ್ಲತದ. ಸತ್ತಿದ್ದು ತಿರುಗಿ ಬರೂದಿಲ್ಲ. ನಿನಗ ಗಂಟೆ ಕೇಳಿಸಿದ ದಿನಾನೇ ಡಾಕ್ಟರಿಗೆ ಹೇಳಬೇಕು. ಆಣೆ ಮಾಡು." ನಾನು ನಿಮ್ಮ ಕೈ ಮುಟ್ಟಿ ಆಣೆ ಮಾಡಿದೆ. ವಾರ್ಡಿನವರಿಗೂ ಹೇಳಿ ನೋಡಿದಿರಿ. ಮಾಸ್ತರ್ರು ಸಾಲಿ ಹಚ್ಚ್ಯಾರ ಎಂದು ಗೌಡರು ನಕ್ಕರು. ಸಾಯುವವನಿಗೆ ಕಿವಿಯ ಚಿಂತೆ ಏನು ಎಂದು ಇನ್ನೊಬ್ಬರು ಕೇಳಿದರು. ನೀವು ಕಾಗದ ಮಡಚಿ ದಿಂಬಿನ ಕೆಳಗಿಟ್ಟಿರಿ.

ಒಂದು ದಿನ ಬೆಳಿಗ್ಗೆ ಎಡಗಡೆಯಿಂದ ಕೂಗಿದೆ, ನೀವು ತಿರುಗಲಿಲ್ಲ. ಮತ್ತೆ ಕೂಗಿದೆ. ಬಲಗಡೆಗೆ ಬಂದು ಕೂಗಿದಾಗ, ಏನೋ, ಅಂದಿರಿ. ಅಂದಿನಿಂದ ನಿಮ್ಮನ್ನೇ ನೋಡತೊಡಗಿದೆ. ಪಾಯಖಾನೆಗೆ ಹೋಗುವಾಗ ಒಂದು ಮಂಚ ಬಿಡದೆ ಕೈಯೂರಿ ಹೋಗುತ್ತಿದ್ದಿರಿ. ಪಾಟಿಯ ಮೇಲೆ ನಿಮ್ಮ ಸಾಲು ಬಲಕ್ಕೆ ಇಳಿಯುತ್ತಿತ್ತು. ನನ್ನ ಸಾಲು ಸ್ವಲ್ಪ ವಾರೆಯಾದರೆ ಗೆಣ್ಣಿನ ಮೇಲೆ ಕುಟ್ಟುತ್ತಿದ್ದವರು ನೀವು. ಡಾಕ್ಟರು ಕೇಳಿದಾಗ ಮಾತ್ರ "ಏನೂ ಇಲ್ಲರಿ" ಎಂದಿರಿ. ನಾಲ್ಕು ದಿನ ಹಾಗೆಯೇ ಅಂದಿರಿ. ಮಾಸ್ತರ್, ನನಗೊಂದು ಹೇಳಿ ನೀವೇ ಇನ್ನೊಂದು ಮಾಡಿದ್ದು ಯಾಕೆ? ಆಗ ನನಗೆ ಸಿಟ್ಟು ಬಂದಿತ್ತು. ಕಸ್ತೂರಿಗೆ ಆಗ ಹದಿನಾರು, ಗಾಜಿಪುರದ ಮನೆಯಲ್ಲಿ ದುಡಿಯುವವರು ಬೇರೆ ಯಾರೂ ಇಲ್ಲ, ಕಿವಿ ಹೋದರೂ ಸರಿ ಬದುಕಬೇಕು ಎಂದುಕೊಂಡಿರಬಹುದು ಎಂದು ಆಗ ನನಗೆ ಹೊಳೆಯಲೇ ಇಲ್ಲ. ಹೊಳೆದಿದ್ದರೆ...

ಐದನೆಯ ದಿನ ಡಾಕ್ಟರು ನನ್ನ ಮಂಚಕ್ಕೆ ಬಂದರು. ನನಗೆ ಇಲ್ಲ ಎಂದೆ, ಅದು ಆಗ ನಿಜವೇ. ಆಮೇಲೆ, ಅವರು ಕೇಳದಿದ್ದರೂ, ಮಾಸ್ತರರಿಗೆ ಅದ ಎಂದೆ. ನಿಮಗೆ ಎಡಗಡೆ ಕೇಳುತ್ತಿರಲಿಲ್ಲವಲ್ಲ, ನಾನು ನಿಂತದ್ದು ಎಡಕ್ಕೆ. ನಿಮ್ಮ ಕಿವಿ ಉಳಿಯಲಿ ಎಂದು ಹೇಳಿದೆ, ಇದು ಒಂದು. ಇನ್ನೊಂದನ್ನೂ ಹೇಳಬೇಕು, ಇಲ್ಲದಿದ್ದರೆ ಈ ಪತ್ರ ಬರೆದು ಏನು ಬಂತು? ಇಡೀ ವಾರ್ಡಿನಲ್ಲಿ ಖರೆ ಹೇಳುವವನು ನಾನೊಬ್ಬನೇ ಎನ್ನಿಸಿಕೊಳ್ಳುವ ಆಸೆ ಇತ್ತು. ಶಾಲೆಯಲ್ಲಿ ಒಂದು ಸಲವೂ ಶಾಬಾಸ್ ಎನ್ನಿಸಿಕೊಳ್ಳದವನಿಗೆ ಡಾಕ್ಟರು ಬೆನ್ನು ತಟ್ಟಿದರು. ಆ ಕ್ಷಣ ಬಹಳ ಹಿತವಾಗಿತ್ತು. ನಿಮಗೆ ಕೊಡುವ ಬೇರೆ ದವಾ ಅವರ ಬಳಿ ಇರಲಿಲ್ಲ ಎಂದು ನಾನು ಕೇಳಿಕೊಳ್ಳಲಿಲ್ಲ.

ಸೂಜಿ ನಿಂತ ಹತ್ತನೆಯ ದಿನ ನಿಮ್ಮ ಜ್ವರ ತಿರುಗಿ ಏರಿತು. ನಿಮ್ಮ ಮನೆಯವರು, ನಾವೆಲ್ಲ ಅವ್ವಾರು ಎನ್ನುತ್ತಿದ್ದವರು, ಗಾಜಿಪುರದಿಂದ ಗಂಜಿ ತಂದು, ನೀವು ಕುಡಿಯದೆ ಬಿಟ್ಟದ್ದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಯ್ಯುತ್ತಿದ್ದರು. ನೀವು ನನಗೆ ಒತ್ತಕ್ಷರ ಕಲಿಸುವುದನ್ನು ಬಿಡಲಿಲ್ಲ. ಒಂದು ಮಧ್ಯಾಹ್ನ ಗೋಡೆಯ ಕಡೆ ಮುಖ ಮಾಡಿಕೊಂಡೇ ಅಂದಿರಿ: "ಯಾರೋ ಹೇಳ್ಯಾರ. ಹೇಳಿದವರು ಖರೇನೇ ಹೇಳ್ಯಾರ." ನಿಮಗೆ ಗೊತ್ತಿತ್ತೇ? ಗೊತ್ತಿದ್ದೇ ಅಂದಿರೋ, ಸುಮ್ಮನೆ ಅಂದಿರೋ? ನಾನು ಪಾಟಿ ಒರೆಸುತ್ತ ಕೂತೆ. ಕಾರ್ತಿಕ ಮುಗಿಯುವ ಮೊದಲು ನಿಮ್ಮ ಮಂಚದ ಗಾದಿಯನ್ನು ಬಿಸಿಲಿಗೆ ಹಾಕಿದರು.

ನಿಮ್ಮ ಮಂಚಕ್ಕೆ ಹೊಸಬ ಬಂದ ವಾರವೇ ನನಗೆ ಗಂಟೆ ಕೇಳಿಸಿತು. ಮೊದಲು ಜೀರುಂಡೆಯ ಹಾಗೆ, ಆಮೇಲೆ ದೂರದ ಗಿರಣಿಯ ಹಾಗೆ. ಆಣೆ ನೆನಪಿತ್ತು. ನಿಮ್ಮ ಕೈ ನೆನಪಿತ್ತು. ಡಾಕ್ಟರು ಬಂದು, ನಿನ್ನ ಮಾತಿನ ಮೇಲೆ ನನಗ ಭರವಸಾ ಅದ, ಹೇಳು ಎಂದರು. ಇಲ್ಲರಿ ಎಂದೆ. ಆರು ವಾರ ದಿನಾ ಬೆಳಿಗ್ಗೆ ಇಲ್ಲರಿ ಎಂದೆ. ಬೆಲ್ಲವನ್ನೂ ಹಂಚಲಿಲ್ಲ. ಆರು ವಾರದ ಮೇಲೆ ಒಂದು ದಿನ ಬಚ್ಚಲಲ್ಲಿ ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದೆ, ಯಾರೋ ಕಾಲು ಹಿಡಿದು ಎಳೆದಂತೆ ಬಿದ್ದೆ. ಆಗ ಬಯಲಾಯಿತು. ಅಷ್ಟರಲ್ಲಿ ಎದೆ ವಾಸಿಯಾಗಿತ್ತು. ಕೆಮ್ಮು ಹೋಗಿತ್ತು, ಮೈಗೆ ಮಾಂಸ ಬಂದಿತ್ತು. ಗೌಡರು ನೋಡಿ, ಗಂಟೆ ಬಂದಾವ ಬದುಕಿದ, ನಾ ಹೇಳಿದ್ನಿಲ್ಲ ಎಂದರು. ನಿಮ್ಮ ಕಾಗದಕ್ಕಿಂತ ಅವರ ಬೆಲ್ಲವೇ ಗೆದ್ದಂತಾಯಿತು.

ಕಮಲಾಪುರಕ್ಕೆ ಬಂದಿಳಿದ ದಿನ ಅವ್ವ ನನ್ನನ್ನು ನಿಲ್ದಾಣದಿಂದ ಮನೆಗೆ ಕರೆದೊಯ್ಯುವಾಗ, ಚಹಾ ಅಂಗಡಿಯ ಮುಂದೆ ಕೂತವರು, ಹಗಲಿಗೇ ಸೇಂದಿ ಏರಿಸ್ಯಾನಲ್ಲೋ ಎಂದರು. ಅವ್ವ ಅವರಿಗೆ ಬೈದಳು. ಬೈಯುವಾಗ ನನ್ನ ಕೈ ಬಿಟ್ಟಳು, ನಾನು ಅಲ್ಲೇ ಕುಸಿದೆ, ಅವರ ಮಾತೇ ನಿಜವಾದಂತೆ ಕಾಣಿಸಿತು. ದವಾಖಾನೆ ಬಿಡುವಾಗ ಡಾಕ್ಟರು ಹೇಳಿದ್ದು ಇಷ್ಟು: ಕಳೆದದ್ದು ಬರುವುದಿಲ್ಲ, ಕಣ್ಣು ಮತ್ತು ಕಾಲು ಸೇರಿ ಆ ಕೆಲಸ ಸ್ವಲ್ಪ ಕಲಿಯುತ್ತವೆ, ಅಲ್ಲಿಯತನಕ ಯಾವುದರಿಂದ ತಲೆ ತಿರುಗುತ್ತದೋ ಅದರಿಂದ ದೂರ ಇರು. ಯಾವುದರಿಂದ ಎಂದು ಅವರು ಹೇಳಲಿಲ್ಲ. ಬಿದ್ದು ಬಿದ್ದು ನಾನೇ ತಿಳಿದುಕೊಂಡೆ.

ಮೊದಲು ತಿಳಿದದ್ದು ಕತ್ತಲೆ. ದೀಪ ಹಚ್ಚುವ ಹೊತ್ತಿಗೆ ಅಂಗಳಕ್ಕೆ ಹೋದೆ, ಕಾಲಿನ ಕೆಳಗೆ ನೆಲವೇ ಇಲ್ಲದಂತಾಯಿತು. ಈಗ ಹೊತ್ತು ಮುಳುಗುವ ಮೊದಲೇ ಒಳಗೆ ಬಂದು ಗೋಡೆ ಸೇರುತ್ತೇನೆ. ಮೆತ್ತನೆಯ ನೆಲ ಆಗದು. ಅವ್ವ ಕೂಲಿಗೆ ಹೋಗುವ ಬಾಳೆಯ ತೋಟಕ್ಕೆ ಬುತ್ತಿ ಕೊಡಲು ಹೋಗಿದ್ದೆ. ನೀರು ಕುಡಿದ ಮಣ್ಣು ಕಾಲನ್ನು ಒಳಕ್ಕೆ ಎಳೆಯಿತು, ಮೇಲೆ ಗಾಳಿಗೆ ಎಲೆಗಳೆಲ್ಲ ಒಂದೇ ಸಮ ಅಲ್ಲಾಡಿದವು, ಯಾವುದು ಅಲ್ಲಾಡುತ್ತಿದೆ, ಗಿಡವೋ ನಾನೋ ತಿಳಿಯದೆ ಒಂದು ಗಿಡವನ್ನು ತಬ್ಬಿ ಕೂತೆ. ಬಲಿತ ಕೆಂಪು ಗೊನೆ ನೆಲಕ್ಕೆ ಬಿದ್ದು ಜಜ್ಜಿಹೋಯಿತು. ತೋಟದ ಯಜಮಾನ ಗೊನೆಯನ್ನು ಪಕ್ಕಕ್ಕಿಟ್ಟು ನನ್ನನ್ನು ದಾರಿಯ ತನಕ ಬಿಟ್ಟುಬಂದ. ಬೈದಿದ್ದರೆ ಚೆನ್ನಾಗಿತ್ತು. ತಿರುಗುವ ಗಾಲಿ ನೋಡಬಾರದು. ಕಾಲುವೆಯಲ್ಲಿ ಹರಿಯುವ ನೀರು ನೋಡಬಾರದು. ಯಾರಾದರೂ ಹಿಂದಿನಿಂದ ಕರೆದರೆ ತಟ್ಟನೆ ತಿರುಗಬಾರದು, ನಿಂತು, ಹೆಜ್ಜೆ ಕಿತ್ತಿಟ್ಟು, ಇಡೀ ಮೈ ತಿರುಗಿಸಬೇಕು. ಊರಿನ ಹುಡುಗರಿಗೆ ಇದು ಗೊತ್ತಾಗಿ ಬೇಕೆಂದೇ ಹಿಂದಿನಿಂದ ಕೂಗುತ್ತಾರೆ. ಹಿಟ್ಟಿನ ಗಿರಣಿಯ ಓಣಿಗೆ ಹೋಗುವುದಿಲ್ಲ. ಭಜನೆಯ ತಾಳ ಶುರುವಾದರೆ ಕಿವಿಗೆ ಹತ್ತಿ ತುರುಕಿಕೊಳ್ಳುತ್ತೇನೆ. ಖಾರ ಕುಟ್ಟುವ ದಿನ ಮನೆ ಬಿಡುತ್ತೇನೆ, ಒಂದು ಸೀನಿಗೆ ಅರ್ಧ ದಿನ ಹಾಳು. ನಡೆಯುವಾಗ ದೂರದಲ್ಲಿ ಅಲುಗದ ಒಂದು ಗುರುತು ಹಿಡಿಯಬೇಕು. ಒಂದು ಕಂಬ, ಒಂದು ಗುಮ್ಮಟ. ನಡುವೆ ಯಾರಾದರೂ ಅಡ್ಡ ಬಂದರೆ ಗುರುತು ಹೋಗುತ್ತದೆ, ನಾನೂ ಹೋಗುತ್ತೇನೆ.

ಈ ಸಲದ ಎಳ್ಳಮಾವಾಸ್ಯೆಗೆ ಎಲ್ಲರೂ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋದರು. ಬಿರುಕು ಬಿಟ್ಟ ಎರೆಹೊಲ, ನನ್ನಿಂದ ಆಗದು. ಅವ್ವ ಸಂಜೆ ಬುತ್ತಿಯಲ್ಲಿ ಭಜ್ಜಿ, ಸಜ್ಜೆಯ ಕಡಬು ತಂದು ಬಾಗಿಲಲ್ಲಿ ಕೂತು ನನ್ನನ್ನೇ ನೋಡಿದಳು. "ಶರಣ್ಯಾ, ನೀ ಮನ್ಯಾಗ ನಿಂದರಲಿ ಅಂತ ದೇವರಿಗೆ ಬೇಡಿಕೊಂಡಿದ್ದೆ. ಹಿಂಗ ನಿಂದರಸು ಅಂದಿದ್ದಿಲ್ಲೋ," ಅಂದಳು. ನಗೆಮಾತಿನಂತೆಯೇ ಅಂದಳು. ಇಬ್ಬರೂ ನಗಲಿಲ್ಲ. ಮೂರು ಸಲ ಮನೆ ಬಿಟ್ಟು ಓಡಿಹೋದವನು ನಾನು. ಈಗಲೂ ರಸ್ತೆಯಲ್ಲಿ ಬಸ್ಸಿನ ಹಾರ್ನ್ ಕೇಳಿದರೆ ಕಾಲು ತಾನೇ ಏಳುತ್ತದೆ. ವರ್ಷವಾಯಿತು, ಏನೂ ಹೆಚ್ಚು ಸುಧಾರಿಸಿಲ್ಲ. ಸುಧಾರಿಸುತ್ತೇನೆ ಎಂದು ಅವ್ವನಿಗೆ ಹೇಳುವುದನ್ನೂ ಬಿಟ್ಟಿದ್ದೇನೆ. ನಾನು ದೂರ ಇಟ್ಟವುಗಳಲ್ಲಿ ಗಾಜಿಪುರವೂ ಒಂದು. ನಿಮ್ಮ ಮನೆಗೆ ಒಮ್ಮೆಯೂ ಹೋಗಲಿಲ್ಲ. ಬಸ್ಸಿನಲ್ಲಿ ತಲೆ ತಿರುಗುತ್ತದೆ ಎಂದು ನೆಪ ಹೇಳುತ್ತಿದ್ದೆ. ನೆಪವೂ ನಿಜವಾಗಿದ್ದದ್ದು ನನ್ನ ಪುಣ್ಯ.

ಹೋದ ತಿಂಗಳು ಒಂದು ಮಧ್ಯಾಹ್ನ ಅವ್ವಾರೇ ನಮ್ಮ ಬಾಗಿಲಿಗೆ ಬಂದರು. ನಿಮ್ಮ ಹೆಂಡತಿ ಇಷ್ಟು ಸಣ್ಣಗಾಗಿದ್ದಾರೆ ಎಂದು ನಾನು ಎಣಿಸಿರಲಿಲ್ಲ. ನೀರು ಕೊಟ್ಟೆ. ಕುಡಿಯದೆ ಕೈಯಲ್ಲೇ ಹಿಡಿದುಕೊಂಡು ಹೇಳಿದರು: ಕಸ್ತೂರಿಗೂ ಅದೇ, ಸೂಜಿ ಎರಡು ತಿಂಗಳಾಗಿದೆ, ಕಿವಿ ಕೆಡಿಸದ ಹೊಸ ಗುಳಿಗೆ ಕಂಡುಹಿಡಿದಿದ್ದಾರಂತೆ, ಹೈದರಾಬಾದಿನಿಂದ ತರಿಸಬೇಕಂತೆ, ಇನ್ನೂ ಬಂದಿಲ್ಲ. ಕಿವಿಯಲ್ಲಿ ಗುಂಯ್ ಅನ್ನಲು ಹತ್ತಿದ್ದನ್ನು ಹುಡುಗಿ ತಾಯಿಗೆ ಮಾತ್ರ ಹೇಳಿದ್ದಾಳೆ. "ಆಕಿ ನಿನ್ನನ್ನೇ ಕೇಳಬೇಕಂತಾಳಪ್ಪ. ನಮ್ಮವರು ನಿನ್ನ ಬಗ್ಗೆ ಹೇಳತಿದ್ದರಂತ, ಆ ಹುಡುಗ ಸುಳ್ಳು ಹೇಳಾವಲ್ಲ ಅಂತ." ಮಾಸ್ತರ್, ಯಾವಾಗ ಹೇಳಿದಿರಿ ಇದನ್ನು? ಸೂಜಿ ನಿಲ್ಲುವ ಮೊದಲೋ, ಆಮೇಲೋ? ಅದನ್ನು ಕೇಳದೆಯೇ ಅವ್ವಾರಿಗೆ, ಬರುತ್ತೇನೆ ಎಂದೆ.

ಮುಂದಿನ ಸೋಮವಾರ ಬೆಳಿಗ್ಗೆ ಬಸ್ಸಿಗೆ ಹೊರಟೆ. ನಾನು ಜೋತುಬೀಳುತ್ತಿದ್ದ ಅದೇ ಬಸ್ಸು. ಡ್ರೈವರ್ ಗುರುತು ಹಿಡಿದು ಮುಂದಿನ ಸೀಟು ಬಿಡಿಸಿಕೊಟ್ಟ. ಹಿಂದಿನ ದಿನದಿಂದಲೇ ಹೊಟ್ಟೆ ಖಾಲಿ ಇಟ್ಟಿದ್ದೆ. ಕಿವಿಗೆ ಹತ್ತಿ, ತಲೆಗೆ ಅವ್ವನ ಹಳೆಯ ಸೀರೆಯ ತುಂಡು ಬಿಗಿಯಾಗಿ ಸುತ್ತಿ, ಅದನ್ನು ಸೀಟಿನ ಕಂಬಿಗೆ ಆನಿಸಿ, ಬಾನಿನ ಅಂಚಿನ ಮೇಲೆ ಕಣ್ಣಿಟ್ಟೆ. ಪಕ್ಕದ ಹೊಲ ನೋಡಲಿಲ್ಲ, ಎದುರು ಬರುವ ಬಂಡಿ ನೋಡಲಿಲ್ಲ. ಆದರೂ ಅರ್ಧ ದಾರಿಯಲ್ಲಿ ಬಸ್ಸು ನಿಲ್ಲಿಸಬೇಕಾಯಿತು. ಕೆಳಗಿಳಿದು ನೆಲಕ್ಕೆ ಎರಡೂ ಅಂಗೈ ಊರಿ ಕೂತೆ. ಬಸ್ಸಿನವರೆಲ್ಲ ಸುಮ್ಮನೆ ಕಾದರು. ಯಾರೋ ಹೆಂಗಸು ನಿಂಬೆಹಣ್ಣು ಕೊಟ್ಟಳು. ಮತ್ತೆ ಹತ್ತಿದೆ.

ವಾರ್ಡಿನ ಬಾಗಿಲಲ್ಲಿ ಖಾದರ್ ಭಾಯಿ ಸಿಕ್ಕ. ನನ್ನ ನಡಿಗೆಯನ್ನು ನೋಡುತ್ತ ನಿಂತ, ಲಂಗೂರ್ ಎನ್ನಲಿಲ್ಲ. "ಬೈಠೋ ಬೇಟಾ, ದಮ್ ತಗೊ," ಅಂದ. ಹೆಂಗಸರ ಕಡೆಯ ಜಗಲಿಯಲ್ಲಿ ಕಸ್ತೂರಿ ಕಂಬಕ್ಕೆ ಒರಗಿ ಕೂತಿದ್ದಳು. ನಿಮ್ಮ ಹಣೆ, ನಿಮ್ಮದೇ ಸಿಡುಕು. ಬಸ್ಸಿನಲ್ಲಿ ಬರುವಾಗ ಹೇಗೆ ಶುರು ಮಾಡಲಿ ಎಂದು ಜೋಡಿಸಿಟ್ಟದ್ದೆಲ್ಲ ಹೋಯಿತು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನಿನ್ನ ಅಪ್ಪನ ಕಿವಿಯ ವಿಷಯ ಡಾಕ್ಟರಿಗೆ ಹೇಳಿದವನು ನಾನು, ಸೂಜಿ ನಿಂತಿತು, ಅವರು ಹೋದರು. ನನ್ನದನ್ನು ನಾನು ಬಚ್ಚಿಟ್ಟೆ, ಬದುಕಿದೆ. ಅವ್ವಾರು ಪಕ್ಕದಲ್ಲೇ ಇದ್ದರು. ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡು ಎದ್ದು, ಜಗಲಿಯ ಆ ತುದಿಗೆ ಹೋಗಿ ನಮಗೆ ಬೆನ್ನು ಮಾಡಿ ನಿಂತರು. ನಾನು ಅಲ್ಲಿರುವ ತನಕ ತಿರುಗಲಿಲ್ಲ. ಬೈದಿದ್ದರೆ ಕೇಳಿಸಿಕೊಳ್ಳಲು ಸಿದ್ಧನಾಗಿ ಹೋಗಿದ್ದೆ. ಆ ಬೆನ್ನಿಗೆ ಸಿದ್ಧನಾಗಿರಲಿಲ್ಲ.

ಕಸ್ತೂರಿ ತಾಯಿಯ ಬೆನ್ನನ್ನೊಮ್ಮೆ, ನನ್ನ ಕಾಲನ್ನೊಮ್ಮೆ ನೋಡಿದಳು. ಆಮೇಲೆ, "ಶರಣಣ್ಣ, ಈ ಕಂಬದಿಂದ ಆ ಕಂಬದ ತನಕ ನಡದು ತೋರಸು," ಅಂದಳು. ನಡೆದೆ. ವಾರೆಯಾಗಿ, ಕಾಲು ಅಗಲಿಸಿ, ಆದರೂ ಬೀಳದೆ ನಡೆದೆ. "ಈಗ ಕಣ್ಣು ಮುಚ್ಚಿ." ವರ್ಷದಿಂದ ನಾನು ಮಾಡದ ಕೆಲಸ ಅದು. ಮಲಗುವಾಗಲೂ ಗೋಡೆ ಮುಟ್ಟಿಕೊಂಡೇ ಕಣ್ಣು ಮುಚ್ಚುತ್ತೇನೆ. ಆಕೆ ನೋಡಬೇಕಲ್ಲ ಎಂದು ಮುಚ್ಚಿದೆ. ಒಂದು ಹೆಜ್ಜೆ ಇಟ್ಟ ನೆನಪು. ಶಹಾಬಾದಿ ಕಲ್ಲಿನ ನೆಲ ಗದ್ದಕ್ಕೆ ಬಡಿಯಿತು. ಖಾದರ್ ಭಾಯಿ ಓಡಿ ಬಂದು ಎತ್ತಿ ಕೂಡಿಸಿದ. ಕಸ್ತೂರಿ ತನ್ನ ಸೆರಗಿನಿಂದ ನನ್ನ ಗದ್ದದ ರಕ್ತ ಒರೆಸಿದಳು.

"ನೋಡಿದಿಯಲ್ಲ, ಇದಕ್ಕಿಂತ ಹೆಚ್ಚು ಹೇಳಲಿಕ್ಕ ನನಗ ಬರೂದಿಲ್ಲ," ಅಂದೆ.

"ನಮ್ಮಪ್ಪ ಹಿಂಗರೇ ಇದ್ದಿದ್ರ ನನಗ ಸಾಕಿತ್ತು," ಅಂದಳು.

ಅದೇ ಆಕೆಯ ನಿರ್ಧಾರ. ನಿಮ್ಮ ಮಾತನ್ನು ಎತ್ತಿದೆ, ಹೇಳಬೇಕು ಅಂತಿದ್ದರು ಮಾಸ್ತರ್ರು ಎಂದೆ. ಹೇಳುವವರ ಕತೆ ಏನಾಯಿತೆಂದು ಈಗ ತಾನೇ ನೀನೇ ಹೇಳಿದೆಯಲ್ಲ ಎಂದಳು. ಸೂಜಿ ನಿಲ್ಲಿಸಿ ಹೊಸ ಗುಳಿಗೆ ಬರುವ ತನಕ ಕಾಯಬಹುದಲ್ಲ ಎಂದೆ. ಸೂಜಿ ನಿಂತ ಮೇಲೆ ಅಪ್ಪನೂ ಕಾದನಲ್ಲ ಎಂದಳು. ಲೆಕ್ಕದ ಮಾಸ್ತರರ ಮಗಳು, ಎಲ್ಲಕ್ಕೂ ಉತ್ತರ ಇತ್ತು. ನನ್ನ ಬಳಿ ಒಂದೇ ಮಾತು ಉಳಿದಿತ್ತು. ಡಾಕ್ಟರು ನನ್ನನ್ನು ಕೇಳಿದರೆ ಇಲ್ಲ ಎನ್ನಲು ನನ್ನಿಂದ ಇನ್ನು ಆಗುವುದಿಲ್ಲ, ನನಗಾಗಿ ಅಂದದ್ದೇ ಸಾಕಾಗಿದೆ ಎಂದೆ. "ಹಂಗಾದ್ರ ಕೇಳೂಕಿಂತ ಮೊದಲು ಹೋಗಿಬಿಡು," ಅಂದಳು. ರೌಂಡು ಹೆಂಗಸರ ಕಡೆಗೆ ಬರಲು ಇನ್ನು ಹತ್ತು ನಿಮಿಷ ಇತ್ತು. ಗಂಡಸರ ವಾರ್ಡಿನ ಕಡೆಯಿಂದ ಡಾಕ್ಟರ ಧ್ವನಿ ಆಗಲೇ ಕೇಳುತ್ತಿತ್ತು.

ನಾನು ಹೋದೆ ಮಾಸ್ತರ್. ಗೋಡೆ ಹಿಡಿದುಕೊಂಡು, ಹಿಂದಿನ ಬಾಗಿಲಿನಿಂದ, ಕತ್ತಲೆಯಿಂದ ತಪ್ಪಿಸಿಕೊಳ್ಳುವ ಹಾಗೆ, ಗಿರಣಿಯ ಓಣಿ ತಪ್ಪಿಸುವ ಹಾಗೆ, ಒಬ್ಬ ಒಳ್ಳೆಯ ಮನುಷ್ಯನ ಒಂದು ಪ್ರಶ್ನೆಯಿಂದ ತಪ್ಪಿಸಿಕೊಂಡು ಹೋದೆ. ಖರೆಯನ್ನೂ ಹೇಳಲಿಲ್ಲ, ಸುಳ್ಳನ್ನೂ ಹೇಳಲಿಲ್ಲ. ಇಂಥದ್ದಕ್ಕೆ ಕನ್ನಡದಲ್ಲಿ ಏನನ್ನುತ್ತಾರೆ? ನೀವು ಕಲಿಸಿರಲಿಲ್ಲ. ಒಂದು ಮಾತು ಆಡಿ ನಿಮ್ಮನ್ನು ಕಳೆದುಕೊಂಡೆ. ಈಗ ಮಾತಾಡದೆ ನಿಮ್ಮ ಮಗಳನ್ನು...

ಮೊನ್ನೆ ಡ್ರೈವರ್ ಕೈಯಲ್ಲಿ ಕಸ್ತೂರಿಯ ಚೀಟಿ ಬಂತು. ನಿಮ್ಮದೇ ದುಂಡನೆಯ ಅಕ್ಷರ, ಸಾಲು ಮಾತ್ರ ಬಲಕ್ಕೆ ಇಳಿದಿದೆ. "ಡಾಕ್ಟರು ದಿನಾ ಕೇಳುತ್ತಾರೆ, ಇಲ್ಲ ಎನ್ನುತ್ತೇನೆ, ಎಂಟು ದಿನದಿಂದ ಜ್ವರವಿಲ್ಲ, ಎರಡು ಸೇರು ತೂಕ ಏರಿದೆ, ನಿನ್ನೆ ಬಚ್ಚಲಲ್ಲಿ ಬಿದ್ದೆ." ಎಲ್ಲವನ್ನೂ ಒಂದೇ ವಾಕ್ಯದಲ್ಲಿ ಬರೆದಿದ್ದಾಳೆ. ಗುಳಿಗೆ ಬಂದಿಲ್ಲ. ಸೂಜಿ ಇನ್ನೂ ಒಂದು ತಿಂಗಳಿದೆ. ಇದೇ ನಿಮಗೆ ತಿಳಿಸಬೇಕಾದ ಸುದ್ದಿ. ನಿಮ್ಮ ಮಗಳು ಉಳಿಯಬಹುದು. ಉಳಿದರೆ ನನ್ನ ಹಾಗೆ ಉಳಿಯುತ್ತಾಳೆ. ಸಂತೋಷಪಡಿ ಎಂದು ನಿಮಗೆ ಹೇಳಲಾರೆ.

ಈ ಸೋಮವಾರವೂ ಹೋಗುತ್ತೇನೆ, ಆಮೇಲಿನ ಸೋಮವಾರವೂ. ಅವ್ವಾರು ಮಾತಾಡದಿದ್ದರೂ ಹೋಗುತ್ತೇನೆ. ಗೋಡೆ ಬದಿಯ ಮಂಚ ಕೊಡಿಸಬೇಕು. ಬಚ್ಚಲಲ್ಲಿ ಕೈಗೆ ಸಿಗುವ ಹಾಗೆ ಒಂದು ಹಗ್ಗ ಕಟ್ಟಬೇಕು, ಖಾದರ್ ಭಾಯಿಗೆ ಹೇಳಿದ್ದೇನೆ. ಮುಖ ತೊಳೆಯುವಾಗ ಒಂದು ಕಣ್ಣನ್ನಾದರೂ ತೆರೆದೇ ಇಟ್ಟುಕೊಳ್ಳಬೇಕು. ಸೋಪು ಉರಿಯುತ್ತದೆ, ಉರಿಯಲಿ. ಮೊದಲು ಅದನ್ನು ತೋರಿಸಿಕೊಡುತ್ತೇನೆ, ಅದು ಎಲ್ಲಕ್ಕಿಂತ ಸುಲಭ.

ನಿಮ್ಮ ವಿದ್ಯಾರ್ಥಿ,
ಶರಣಪ್ಪ
ಕಮಲಾಪುರ